ಗ್ರಾಮಾಭ್ಯುದಯದಲ್ಲಿ ಮಹಿಳೆಯ ಪಾಲು: ಶ್ರೀಮತಿ ದುರ್ಗಾಬಾಯಿ ದೇಶಮುಖರ ಜೀವನ ಮತ್ತು ಸಾಧನೆ

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕಾಯಕ ಮತ್ತು ದಾಸೋಹಗಳೆಂಬ ಎರಡು ತತ್ತ್ವಗಳ ಮೇಲೆ ಹೊಸ ಸಮಾಜವನ್ನು ಕಟ್ಟಲು ಹೊರಟಾಗ ಆ ಮಹಾಕಾರ್ಯದಲ್ಲಿ ಸ್ತ್ರೀಯರಿಗೂ ಸ್ಥಾನವಿತ್ತು. ಅಕ್ಕಮಹಾದೇವಿಯಂತಹ ವೈರಾಗ್ಯನಿಧಿಯೊಡನೆ ನೂಲುವ ಕಾಯಕದ ಕದಿರ ರೆಮ್ಮವ್ವೆಯೂ, ಕಸಗುಡಿಸುವ ಕಾಯಕದ ಸತ್ಯಕ್ಕನೂ ಶರಣಗಣದಲ್ಲಿ ಎಣಿಕೆಗೊಂಡರು. ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚಾಗಿ ತಂದಾಗ, ಅದನ್ನು ಹಿಂದಕ್ಕೆ ಸುರಿದು ಬರುವಂತೆ ತಿದ್ದಿದವಳು ಅವನ ಮಡದಿ ಲಕ್ಕಮ್ಮ. ದುಡಿಮೆಯಲ್ಲಿ ಪಾಲುಗೊಂಡವಳಿಗೆ ತೀರ್ಮಾನದಲ್ಲಿಯೂ ಪಾಲುಂಟು ಎಂಬ ನ್ಯಾಯ ಆ ಪ್ರಸಂಗದಲ್ಲಿ ಅಡಗಿದೆ.

ಎಂಟು ಶತಮಾನಗಳ ಬಳಿಕ ಸ್ವತಂತ್ರ ಭಾರತ ತನ್ನ ಹಳ್ಳಿಗಳ ಪುನರ್ನಿರ್ಮಾಣಕ್ಕೆ ಕೈಯಿಕ್ಕಿದಾಗ ಇದೇ ನ್ಯಾಯದ ಪ್ರಶ್ನೆ ಮತ್ತೆ ಎದುರಾಯಿತು. ಹಳ್ಳಿಯ ಹೆಣ್ಣುಮಗಳು ಯೋಜನೆಯ ಫಲವನ್ನು ಉಡಿಯೊಡ್ಡಿ ಪಡೆಯುವವಳೇ, ಅಥವಾ ಯೋಜನೆಯನ್ನು ನಡೆಸುವವರಲ್ಲಿ ಒಬ್ಬಳೇ? ಈ ಪ್ರಶ್ನೆಗೆ ಭಾಷಣದಿಂದಲ್ಲದೆ ಸಂಸ್ಥೆಗಳನ್ನು ಕಟ್ಟಿ ಉತ್ತರಿಸಿದ ಮಹನೀಯರಲ್ಲಿ ಶ್ರೀಮತಿ ದುರ್ಗಾಬಾಯಿ ದೇಶಮುಖರು ಅಗ್ರಗಣ್ಯರು. ಅವರ ಬಾಳಿನ ಕಥೆಯನ್ನು ಸಂಕ್ಷೇಪವಾಗಿ ನಿವೇದಿಸಿ, ಅದರಿಂದ ನಮ್ಮಂತಹ ವಿದ್ಯಾಸಂಸ್ಥೆಗಳು ಕಲಿಯಬೇಕಾದುದೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಬಾಲ್ಯ

ದುರ್ಗಾಬಾಯಿಯವರು ಜನಿಸಿದ್ದು ೧೯೦೯ನೆಯ ಇಸವಿ ಜುಲೈ ೧೫ರಂದು, ಗೋದಾವರಿ ತೀರದ ರಾಜಮಹೇಂದ್ರಿಯಲ್ಲಿ. ತಂದೆ ರಾಮರಾವ್, ತಾಯಿ ಕೃಷ್ಣವೇಣಮ್ಮ. ಆ ಸೀಮೆಯೆಲ್ಲ ಆಗ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ನಮ್ಮ ಬಳ್ಳಾರಿ ಮತ್ತು ಮಂಗಳೂರುಗಳೂ ಅದೇ ಆಡಳಿತದಲ್ಲಿದ್ದವು. ಅಂದಿನ ಪದ್ಧತಿಯಂತೆ ಎಂಟನೆಯ ವಯಸ್ಸಿನಲ್ಲಿಯೇ ಆಕೆಗೆ ವಿವಾಹವಾಯಿತು. ವಿವಾಹವೆಂದರೇನೆಂದು ತಿಳಿಯುವಷ್ಟು ಬೆಳೆದ ಮೇಲೆ ಆ ಸಂಬಂಧವನ್ನು ಮುಂದುವರಿಸಲು ತಾನು ಸಿದ್ಧಳಿಲ್ಲವೆಂದು ಆಕೆ ವಿನಯದಿಂದ, ಆದರೆ ದೃಢವಾಗಿ ತಿಳಿಸಿದರು. ತವರಿನವರು ಮಗಳ ಮಾತನ್ನು ಮನ್ನಿಸಿದರು. ಹೆಣ್ಣಿನ ಇಚ್ಛೆಯನ್ನು ಯಾರೂ ಕೇಳದಿದ್ದ ಕಾಲದಲ್ಲಿ ಮನೆಯವರು ಕೊಟ್ಟ ಈ ಒತ್ತಾಸೆಯೇ ಮುಂದಿನ ಸೇವಾಜೀವನಕ್ಕೆ ಮೊದಲ ಮೆಟ್ಟಿಲಾಯಿತು.

ರಾಷ್ಟ್ರೀಯ ಚಳವಳಿಯ ಗಾಳಿ ಬೀಸತೊಡಗಿದಾಗ ಬಾಲಕಿ ದುರ್ಗಾಬಾಯಿ ಇಂಗ್ಲಿಷ್ ಮಾಧ್ಯಮದ ಹೇರಿಕೆಯನ್ನು ಪ್ರತಿಭಟಿಸಿ ಶಾಲೆಯನ್ನು ತೊರೆದರು. ಶಾಲೆ ಬಿಟ್ಟರೂ ವಿದ್ಯೆ ಬಿಡಲಿಲ್ಲ. ತಾವು ಹಿಂದಿಯನ್ನು ಕಲಿತು, ಕಲಿತುದನ್ನು ನೆರೆಹೊರೆಯ ಸ್ತ್ರೀಯರಿಗೆ ಹೇಳಿಕೊಡುತ್ತ, ಬಾಲಿಕಾ ಹಿಂದಿ ಪಾಠಶಾಲೆಯನ್ನು ನಡೆಸಿದರು. ಇನ್ನೂ ವಿದ್ಯಾರ್ಥಿನಿಯಾಗಿರಬೇಕಾದ ವಯಸ್ಸಿನಲ್ಲಿ ಅಧ್ಯಾಪಕಿಯಾದ ಬಗೆ ಇದು. ತನಗೆ ಯಾವುದು ಇಲ್ಲವೋ ಅದನ್ನು ತನ್ನಂತಹ ಇತರರಿಗೂ ಸೇರಿಸಿ ಕಟ್ಟಿಕೊಳ್ಳುವ ಸ್ವಭಾವ ಇಲ್ಲಿಂದಲೇ ಕಾಣಿಸಿಕೊಳ್ಳುತ್ತದೆ.

೧೯೨೧ರಲ್ಲಿ ಮಹಾತ್ಮಾ ಗಾಂಧಿಯವರು ಕಾಕಿನಾಡಕ್ಕೆ ಬಂದಾಗ ದುರ್ಗಾಬಾಯಿಯವರಿಗೆ ಸುಮಾರು ಹನ್ನೆರಡರ ಪ್ರಾಯ. ಊರಿನ ದೇವದಾಸಿಯರೂ, ಪರದೆಯಲ್ಲಿದ್ದ ಮುಸಲ್ಮಾನ ಸ್ತ್ರೀಯರೂ ಮಹಾತ್ಮರ ಮಾತನ್ನು ಕೇಳಬೇಕೆಂಬುದು ಆಕೆಯ ಹಂಬಲ. ಸಾರ್ವಜನಿಕ ಸಭೆಗೆ ಬರಲು ಅವರಿಗೆ ಅನುಕೂಲವಿರಲಿಲ್ಲ. ಪ್ರತ್ಯೇಕ ಸಮಯ ಬೇಕಿದ್ದರೆ ೫,೦೦೦ ರೂಪಾಯಿಗಳ ನಿಧಿಯನ್ನು ಒಪ್ಪಿಸಬೇಕೆಂದು ವ್ಯವಸ್ಥಾಪಕರು ತಿಳಿಸಿದರು. ಬಾಲಕಿ ಆ ಸ್ತ್ರೀಯರ ನೆರವಿನಿಂದಲೇ ಹಣವನ್ನು ಕೂಡಿಸಿ ಸಭೆಯನ್ನು ಏರ್ಪಡಿಸಿದರು. ಮಹಾತ್ಮರ ಹಿಂದಿ ಭಾಷಣವನ್ನು ತೆಲುಗಿಗೆ ಅನುವಾದಿಸಿದವರೂ ಅವರೇ. ಸಮಾಜ ದೂರವಿಟ್ಟಿದ್ದ ಹೆಂಗಸರೇ ಹಣ ಕೂಡಿಸಿದರು, ಅವರೇ ಸಭಿಕರಾದರು. ಮೂವತ್ತು ವರ್ಷಗಳ ತರುವಾಯ ದುರ್ಗಾಬಾಯಿಯವರು ದೇಶದ ಹಳ್ಳಿಗಳಲ್ಲಿ ನಡೆಸಿದ ಕಾರ್ಯದ ಬೀಜರೂಪವನ್ನು ಈ ಚಿಕ್ಕ ಘಟನೆಯಲ್ಲಿ ಕಾಣಬಹುದು.

೧೯೨೩ರ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅದರೊಡನೆ ಏರ್ಪಟ್ಟ ಖಾದಿ ಪ್ರದರ್ಶನದ ಬಾಗಿಲಲ್ಲಿ ಚೀಟಿ ಪರೀಕ್ಷಿಸುವ ಸ್ವಯಂಸೇವಕಿಯಾಗಿ ದುರ್ಗಾಬಾಯಿ ನಿಂತಿದ್ದರು. ಚೀಟಿಯಿಲ್ಲದೆ ಬಂದ ಪಂಡಿತ ಜವಾಹರಲಾಲ ನೆಹರೂ ಅವರನ್ನು ಆಕೆ ಒಳಗೆ ಬಿಡಲಿಲ್ಲ. ಚೀಟಿಯನ್ನು ಕೊಂಡ ಮೇಲೆಯೇ ಅವರಿಗೆ ಪ್ರವೇಶ ದೊರೆಯಿತು. ಈ ಕರ್ತವ್ಯನಿಷ್ಠೆಯನ್ನು ನೆಹರೂ ಅವರು ಮೆಚ್ಚಿಕೊಂಡರೆಂಬುದು ಪ್ರಸಿದ್ಧವಾದ ಸಂಗತಿ. ವಹಿಸಿಕೊಂಡ ಕೆಲಸಕ್ಕೆ ಒಂದು ನಿಯಮ, ಆ ನಿಯಮಕ್ಕೆ ಎಲ್ಲರೂ ಸಮಾನರು ಎಂಬ ಭಾವನೆ ಅವರನ್ನು ಕಡೆಯವರೆಗೂ ಬಿಡಲಿಲ್ಲ.

ಸೆರೆಮನೆಯಿಂದ ನ್ಯಾಯಾಲಯಕ್ಕೆ

೧೯೩೦ರ ಉಪ್ಪಿನ ಸತ್ಯಾಗ್ರಹದಲ್ಲಿ ದುರ್ಗಾಬಾಯಿಯವರು ಮದರಾಸಿನಲ್ಲಿ ಮುಂದಾಳಾಗಿ ನಿಂತು ಬಂಧನಕ್ಕೊಳಗಾದರು. ೧೯೩೦ರಿಂದ ೧೯೩೩ರವರೆಗಿನ ಅವಧಿಯಲ್ಲಿ ಮೂರು ಬಾರಿ ಸೆರೆವಾಸವನ್ನು ಅನುಭವಿಸಿದರು. ಮಧುರೆಯ ಸೆರೆಮನೆಯಲ್ಲಿ ಏಕಾಂತವಾಸದ ಶಿಕ್ಷೆಯೂ ಅವರ ಪಾಲಿಗೆ ಬಂತು. ಅದರಿಂದ ಆರೋಗ್ಯ ಬಹಳವಾಗಿ ಕೆಟ್ಟಿತು. ಆದರೆ ಸೆರೆಮನೆಯಲ್ಲಿ ಅವರ ಕಣ್ಣನ್ನು ತೆರೆಸಿದ್ದು ತಮ್ಮ ಕಷ್ಟವಲ್ಲ, ಜೊತೆಯಲ್ಲಿದ್ದ ಬಡ ಹೆಂಗಸರ ಸ್ಥಿತಿ. ದೀರ್ಘಕಾಲದ ಶಿಕ್ಷೆಗೆ ಗುರಿಯಾಗಿದ್ದ ಅವರಲ್ಲಿ ಅನೇಕರಿಗೆ ಓದುಬರಹ ಬಾರದು. ತಮ್ಮ ಮೇಲಿನ ಆರೋಪವೇನು, ನ್ಯಾಯಾಲಯದಲ್ಲಿ ನಡೆದದ್ದೇನು ಎಂಬುದೂ ಸರಿಯಾಗಿ ತಿಳಿಯದು. ಇಂತಹವರ ಪರವಾಗಿ ಮಾತನಾಡಬಲ್ಲ ಹೆಣ್ಣುಮಗಳೊಬ್ಬಳು ಇರಬೇಕೆಂದು ನಿಶ್ಚಯಿಸಿ ತಾವು ನ್ಯಾಯಶಾಸ್ತ್ರವನ್ನು ಓದುವುದಾಗಿ ಸಂಕಲ್ಪಿಸಿದರು.

ಸಂಕಲ್ಪವೇನೋ ದೊಡ್ಡದು, ಮಾರ್ಗ ಮಾತ್ರ ದುರ್ಗಮ. ಬಾಲ್ಯದಲ್ಲಿಯೇ ಶಾಲೆ ಬಿಟ್ಟವರು ಇಪ್ಪತ್ತು ದಾಟಿದ ಮೇಲೆ ಮೊದಲಿನಿಂದ ಆರಂಭಿಸಬೇಕಾಗಿತ್ತು. ಖಾಸಗಿಯಾಗಿ ಓದಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕುಳಿತು ಉತ್ತೀರ್ಣರಾದರು. ಮುಂದೆ ವಾಲ್ತೇರಿನ ಆಂಧ್ರ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರವನ್ನು ಅಭ್ಯಸಿಸಲು ಹೋದಾಗ ಅಲ್ಲಿ ಹೆಣ್ಣುಮಕ್ಕಳಿಗೆ ವಸತಿನಿಲಯವಿಲ್ಲವೆಂಬ ಅಡ್ಡಿ ಎದುರಾಯಿತು. ವಸತಿಯಿಲ್ಲದ ಕಾರಣ ವಿದ್ಯಾರ್ಥಿನಿಯರು ಬರುತ್ತಿರಲಿಲ್ಲ. ವಿದ್ಯಾರ್ಥಿನಿಯರು ಬಾರದ ಕಾರಣ ವಸತಿಯನ್ನು ಯಾರೂ ಕಟ್ಟುತ್ತಿರಲಿಲ್ಲ. ದುರ್ಗಾಬಾಯಿಯವರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಓದಲು ಇಚ್ಛೆಯುಳ್ಳ ಹೆಣ್ಣುಮಕ್ಕಳನ್ನು ಕೂಡಿಸಿ, ತಾವೇ ವಸತಿಯ ಏರ್ಪಾಡನ್ನು ಮಾಡಿಕೊಂಡು ಆ ಸುತ್ತನ್ನು ಮುರಿದರು. ಬಳಿಕ ಮದರಾಸಿನಲ್ಲಿ ನ್ಯಾಯಶಾಸ್ತ್ರದ ಪದವಿ ಪಡೆದು ೧೯೪೦ರ ದಶಕದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು.

ಈ ವ್ಯಾಸಂಗದ ನಡುವೆಯೇ ೧೯೩೭ರಲ್ಲಿ ಮದರಾಸಿನ ಮೈಲಾಪುರದಲ್ಲಿ ಆಂಧ್ರ ಮಹಿಳಾ ಸಭೆ ಮೊಳಕೆಯೊಡೆಯಿತು. ನೆರೆಯ ಹುಡುಗಿಯರನ್ನು ಕೂಡಿಸಿ ನಡೆಸಿದ ಒಂದು ಪುಟ್ಟ ಕೂಟವೇ ಅದರ ಮೂಲ. ತಾವು ಯಾವ ಪರೀಕ್ಷೆಗೆ ಕಷ್ಟಪಟ್ಟು ಓದಿದ್ದರೋ ಅದೇ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ, ಶಾಲೆಯಿಂದ ಹೊರಗುಳಿದ ಸ್ತ್ರೀಯರನ್ನು ಸಿದ್ಧಗೊಳಿಸುವುದು ಸಭೆಯ ಮೊದಮೊದಲ ಕೆಲಸಗಳಲ್ಲೊಂದು. ವಿಧವೆಯರು, ಪತಿಯಿಂದ ಪರಿತ್ಯಕ್ತರಾದವರು, ತವರಿಗೆ ಭಾರವೆನಿಸಿದವರು ಅಲ್ಲಿಗೆ ಬಂದರು. ಓದಿ ಅಧ್ಯಾಪಕಿಯರಾಗಿ, ದಾದಿಯರಾಗಿ ಹೊರಬಂದರು. ಕಾಲಕ್ರಮದಲ್ಲಿ ವಸತಿನಿಲಯ, ಕೈಕಸುಬಿನ ಶಾಖೆ, ಆಸ್ಪತ್ರೆ, ಶಿಕ್ಷಣಾಲಯಗಳಾಗಿ ಸಭೆ ಬೆಳೆಯಿತು. ಸಭೆಯ ವತಿಯಿಂದ ‘ಆಂಧ್ರ ಮಹಿಳಾ’ ಎಂಬ ಪತ್ರಿಕೆಯನ್ನೂ ದುರ್ಗಾಬಾಯಿಯವರು ಸಂಪಾದಿಸಿದರು.

ರಾಷ್ಟ್ರದ ಕಾರ್ಯಕ್ಷೇತ್ರದಲ್ಲಿ

೧೯೪೬ರಲ್ಲಿ ಮದರಾಸು ಪ್ರಾಂತದಿಂದ ಸಂವಿಧಾನ ಸಭೆಗೆ ಆಯ್ಕೆಯಾದ ದುರ್ಗಾಬಾಯಿಯವರು ಆ ಸಭೆಯಲ್ಲಿದ್ದ ೧೫ ಮಹಿಳಾ ಸದಸ್ಯರಲ್ಲೊಬ್ಬರು. ಅಧ್ಯಕ್ಷರ ಅನುಪಸ್ಥಿತಿಯಲ್ಲಿ ಸಭೆಯನ್ನು ನಡೆಸುವ ಸಭಾಪತಿಗಳ ಮಂಡಲಿಯಲ್ಲಿ ಸ್ಥಾನ ಪಡೆದ ಏಕೈಕ ಮಹಿಳೆಯೂ ಅವರೇ. ಕರಡಿನ ವಿಧಿಗಳಿಗೆ ಅನೇಕ ತಿದ್ದುಪಡಿಗಳನ್ನು ಸೂಚಿಸಿ ಚರ್ಚೆಯಲ್ಲಿ ಶ್ರದ್ಧೆಯಿಂದ ಪಾಲ್ಗೊಂಡರು. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಹಕ್ಕಿರಬೇಕೆಂಬ ವಿಚಾರವನ್ನೂ ಅವರು ಬೆಂಬಲಿಸಿದರು.

೧೯೫೨ರಲ್ಲಿ ಅವರು ಯೋಜನಾ ಆಯೋಗದ ಸದಸ್ಯೆಯಾಗಿ ನೇಮಕಗೊಂಡರು. ಆಗ ಕೇಂದ್ರದ ಅರ್ಥಸಚಿವರಾಗಿದ್ದವರು, ಅದಕ್ಕೂ ಮೊದಲು ರಿಸರ್ವ್ ಬ್ಯಾಂಕಿನ ಪ್ರಥಮ ಭಾರತೀಯ ಗವರ್ನರರಾಗಿದ್ದ ಶ್ರೀ ಚಿಂತಾಮಣ ದ್ವಾರಕಾನಾಥ ದೇಶಮುಖರು. ೧೯೫೩ರ ಜನವರಿ ೨೨ರಂದು ಇವರಿಬ್ಬರ ವಿವಾಹ ಆಡಂಬರವಿಲ್ಲದೆ ನೆರವೇರಿತು. ತೆಲುಗಿನ ಮಗಳು ಮಹಾರಾಷ್ಟ್ರದ ಸೊಸೆಯಾದರು; ಆದರೆ ಇಬ್ಬರಿಗೂ ಸಮಾಜಸೇವೆಯೇ ನಿಜವಾದ ಮನೆಯಾಯಿತು.

ಯೋಜನಾ ಆಯೋಗದಲ್ಲಿ ಸಮಾಜಸೇವೆಯ ವಿಭಾಗ ದುರ್ಗಾಬಾಯಿಯವರ ಪಾಲಿಗೆ ಬಂದಾಗ ದೇಶದ ಸ್ಥಿತಿ ಹೇಗಿತ್ತೆಂಬುದನ್ನು ನೆನೆಯಬೇಕು. ೧೯೫೧ರ ಜನಗಣತಿಯ ಪ್ರಕಾರ ಪುರುಷರಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು ೨೭. ಸ್ತ್ರೀಯರಲ್ಲಿ ನೂರಕ್ಕೆ ೯ಕ್ಕಿಂತಲೂ ಕಡಿಮೆ. ೧೯೫೨ರ ಅಕ್ಟೋಬರ್ ೨ರಂದು ೫೫ ಸಮುದಾಯ ವಿಕಾಸ ಯೋಜನೆಗಳು ಆರಂಭವಾಗಿದ್ದವು. ಹಳ್ಳಿಹಳ್ಳಿಗೆ ಗ್ರಾಮಸೇವಕರು ಹೊರಟರು. ಆದರೆ ಗ್ರಾಮಸೇವಕನು ಊರಿಗೆ ಬಂದರೆ ಮಾತನಾಡುವುದು ಚಾವಡಿಯಲ್ಲಿ, ಗಂಡಸರೊಡನೆ. ನಾಟಿ, ಕಳೆ, ಕೊಯ್ಲು, ಹೈನು, ಬಿತ್ತನೆ ಬೀಜದ ರಕ್ಷಣೆ ಇವುಗಳಲ್ಲೆಲ್ಲ ಕೈಯಾಡಿಸುವ ಹೆಂಗಸು ನಡುಮನೆಯ ಹೊಸ್ತಿಲಿನಾಚೆಯೇ ಉಳಿದಳು. ಹೊಲದಲ್ಲಿ ಅರ್ಧ ದುಡಿಮೆ ಅವಳದಾದರೂ ಕಾಗದದಲ್ಲಿ ಒಕ್ಕಲಿಗನೆಂದರೆ ಗಂಡಸೇ ಆಗಿದ್ದನು.

ಕೇಂದ್ರ ಸಮಾಜ ಕಲ್ಯಾಣ ಮಂಡಳಿ

ಪ್ರಥಮ ಪಂಚವಾರ್ಷಿಕ ಯೋಜನೆಯಲ್ಲಿ ಸ್ವಯಂಸೇವಾ ಸಂಸ್ಥೆಗಳ ಸಹಾಯಾರ್ಥವಾಗಿ ೪ ಕೋಟಿ ರೂಪಾಯಿಗಳನ್ನು ತೆಗೆದಿರಿಸಲಾಯಿತು. ಈ ಹಣವನ್ನು ಸರ್ಕಾರದ ಇಲಾಖೆಯೊಂದರ ಕೈಗೆ ಕೊಡದೆ, ಸೇವಾಕಾರ್ಯದಲ್ಲಿ ಪಳಗಿದ ಸರ್ಕಾರೇತರ ವ್ಯಕ್ತಿಗಳು ಬಹುಸಂಖ್ಯೆಯಲ್ಲಿರುವ ಮಂಡಳಿಯೊಂದು ವಿನಿಯೋಗಿಸಬೇಕೆಂಬುದು ದುರ್ಗಾಬಾಯಿಯವರ ಅಭಿಪ್ರಾಯ. ಅದರ ಫಲವಾಗಿ ೧೯೫೩ರ ಆಗಸ್ಟಿನಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಸ್ಥಾಪನೆಯಾಯಿತು. ದುರ್ಗಾಬಾಯಿಯವರೇ ಅದರ ಪ್ರಥಮ ಅಧ್ಯಕ್ಷೆ. ಮರುವರ್ಷ ರಾಜ್ಯಗಳಲ್ಲಿಯೂ ಸಲಹಾ ಮಂಡಳಿಗಳು ಏರ್ಪಟ್ಟವು. ಅವುಗಳ ಹೊಣೆಯನ್ನೂ ಬಹುಮಟ್ಟಿಗೆ ಮಹಿಳೆಯರೇ ಗೌರವಸೇವೆಯಾಗಿ ಹೊತ್ತರು.

ಮಂಡಳಿಯ ಕೆಲಸ ಆರಂಭವಾದೊಡನೆ ಒಂದು ಕೊರತೆ ಎದ್ದು ಕಂಡಿತು. ಧನಸಹಾಯ ಕೇಳಿ ಬಂದ ಸಂಸ್ಥೆಗಳೆಲ್ಲ ಬಹುತೇಕ ನಗರಗಳವು. ಹಳ್ಳಿಗಳಲ್ಲಿ ಸಹಾಯ ಪಡೆಯಬೇಕಾದವರು ಲಕ್ಷಾಂತರ ಇದ್ದರು, ಅದನ್ನು ಪಡೆದು ನಡೆಸುವ ಸಂಸ್ಥೆಗಳು ಮಾತ್ರ ಇರಲಿಲ್ಲ. ಕೇವಲ ಅರ್ಜಿಗಳನ್ನು ನೋಡಿ ಹಣ ಹಂಚುತ್ತ ಕುಳಿತರೆ ಪಟ್ಟಣಕ್ಕೇ ಹಣವೆಲ್ಲ ಸೇರುವುದು ಖಂಡಿತವಾಗಿತ್ತು. ಈ ದೋಷವನ್ನು ಸರಿಪಡಿಸಲು ೧೯೫೪ರಲ್ಲಿ ಕಲ್ಯಾಣ ವಿಸ್ತರಣಾ ಯೋಜನೆಗಳೆಂಬ ಹೊಸ ಕಾರ್ಯಕ್ರಮವನ್ನು ಮಂಡಳಿ ಕೈಗೆತ್ತಿಕೊಂಡಿತು.

ಸುಮಾರು ೨೫ ಗ್ರಾಮಗಳಿಗೆ ಒಂದು ಯೋಜನೆ. ಅದರೊಳಗೆ ಕೆಲವು ಕೇಂದ್ರಗಳು. ಪ್ರತಿ ಕೇಂದ್ರದಲ್ಲಿ ಚಿಕ್ಕ ಮಕ್ಕಳಿಗೆ ಬಾಲವಾಡಿ, ಬಸುರಿ ಬಾಣಂತಿಯರ ಆರೈಕೆ, ಹೆಂಗಸರಿಗೆ ಅಕ್ಷರಾಭ್ಯಾಸ, ಕೈಕಸುಬಿನ ತರಗತಿ. ಇವುಗಳಿಗೆ ಗ್ರಾಮಸೇವಿಕೆ, ತರಬೇತಿ ಪಡೆದ ಸೂಲಗಿತ್ತಿ ಮತ್ತು ಕಸುಬಿನ ಶಿಕ್ಷಕಿಯರನ್ನು ನೇಮಿಸಲಾಯಿತು. ವೆಚ್ಚವನ್ನು ಮಂಡಳಿ, ರಾಜ್ಯ ಸರ್ಕಾರ ಮತ್ತು ಊರಿನ ಜನ ಹಂಚಿಕೊಳ್ಳಬೇಕು. ಇವೆಲ್ಲಕ್ಕಿಂತ ಮುಖ್ಯವಾದ ಅಂಶ ಯೋಜನೆಯ ಆಡಳಿತ. ಪ್ರತಿ ಯೋಜನೆಗೂ ಒಂದು ಅನುಷ್ಠಾನ ಸಮಿತಿ. ಅದರಲ್ಲಿ ಆ ಸೀಮೆಯ ಮಹಿಳೆಯರೇ ಹೆಚ್ಚಾಗಿರಬೇಕೆಂಬುದು ಏರ್ಪಾಡು. ಕೇಂದ್ರ ಯಾವ ಊರಿನಲ್ಲಿರಬೇಕು, ಯಾವ ಕಟ್ಟಡದಲ್ಲಿರಬೇಕು, ಹಣ ಹೇಗೆ ಖರ್ಚಾಗಬೇಕು ಎಂಬ ವಿಷಯಗಳನ್ನು ಅವರು ಕುಳಿತು ವಿಚಾರಿಸಬೇಕು. ಲೆಕ್ಕದ ಪುಸ್ತಕ ಮೊತ್ತಮೊದಲಿಗೆ ಹೆಂಗಸರ ಎದುರು ತೆರೆದುಕೊಂಡಿತು.

ಗ್ರಾಮಸೇವಿಕೆಯರನ್ನು ತರಬೇತುಗೊಳಿಸುವ ಕಾರ್ಯದಲ್ಲಿ ಕಸ್ತೂರ್ಬಾ ಗಾಂಧಿ ರಾಷ್ಟ್ರೀಯ ಸ್ಮಾರಕ ನಿಧಿ ಮಂಡಳಿಗೆ ಹೆಗಲು ಕೊಟ್ಟಿತು. ನಮ್ಮ ನಾಡಿನಲ್ಲಿಯೂ ಶ್ರೀಮತಿ ಯಶೋಧರಾ ದಾಸಪ್ಪನವರ ನೇತೃತ್ವದಲ್ಲಿ ಅರಸೀಕೆರೆಯ ಬಳಿ ಆ ನಿಧಿಯ ಕಸ್ತೂರ್ಬಾ ಗ್ರಾಮ ಬೆಳೆದುದನ್ನು ಹಿರಿಯರು ಬಲ್ಲರು. ತರಬೇತಿ ಮುಗಿಸಿದ ಗ್ರಾಮಸೇವಿಕೆಯ ಮುಂದಿದ್ದ ದಾರಿ ಸುಗಮವಾಗಿರಲಿಲ್ಲ. ಒಂಟಿ ಹೆಂಗಸಿಗೆ ಹಳ್ಳಿಯಲ್ಲಿ ಬಾಡಿಗೆ ಮನೆ ಸಿಗುವುದೇ ದುರ್ಲಭ. ಮನೆ ಸಿಕ್ಕರೆ ನೂರೆಂಟು ಮಾತು. ಎಲ್ಲ ಕೇರಿಯ ಮಕ್ಕಳನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದರೆ ಊರ ಪ್ರಮುಖರ ಅಸಮಾಧಾನ. ಇಷ್ಟನ್ನೂ ಸಹಿಸಿ ನಿಂತ ಆ ಅನಾಮಧೇಯ ಸೇವಿಕೆಯರ ತಾಳ್ಮೆಯಿಂದಲೇ ಯೋಜನೆಗೆ ಜೀವ ಬಂತು ಎಂದರೆ ಅತಿಶಯೋಕ್ತಿಯಾಗದು.

ಬಾಲವಾಡಿಯ ಉಪಯೋಗವನ್ನು ಸ್ವಲ್ಪ ವಿವರಿಸುವುದು ಉಚಿತ. ಕೂಲಿಗೆ ಹೋಗುವ ತಾಯಿ ಕೈಗೂಸನ್ನು ಒಪ್ಪಿಸುವುದು ಎಂಟು ಹತ್ತು ವರ್ಷದ ಹಿರಿಯ ಮಗಳಿಗೆ. ಆದುದರಿಂದ ಆ ಮಗಳು ಶಾಲೆಗೆ ಬಾರಳು. ದಾಖಲೆಯಲ್ಲಿ ಹೆಸರಿದ್ದರೂ ಹಾಜರಿ ಇರದು. ಕೂಸು ಬಾಲವಾಡಿ ಸೇರಿದ ದಿನ ಅಕ್ಕನ ಕಂಕುಳು ಬರಿದಾಗುತ್ತದೆ, ಕೈಗೆ ಹಲಗೆ ಬರುತ್ತದೆ. ತಾಯಿಯ ಕೂಲಿಯೂ ತಪ್ಪದು. ಹೀಗೆ ಒಂದು ಚಿಕ್ಕ ಏರ್ಪಾಡಿನಿಂದ ಮನೆಯ ಮೂರು ಜೀವಗಳಿಗೆ ಪ್ರಯೋಜನ. ಹೆಣ್ಣುಮಕ್ಕಳ ಗೈರುಹಾಜರಿಗೆ ತಂದೆತಾಯಿಗಳ ಅಜ್ಞಾನವನ್ನೇ ಕಾರಣವಾಗಿ ಹೇಳುವ ಉಪಾಧ್ಯಾಯರು ಈ ಅಂಶವನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಶಿಕ್ಷಣಕ್ಕೆ ಎರಡನೆಯ ಬಾಗಿಲು

ಹಳ್ಳಿಗಳಲ್ಲಿ ಕೇಂದ್ರಗಳನ್ನು ತೆರೆಯುತ್ತ ಹೋದಂತೆ ಮತ್ತೊಂದು ತೊಡಕು ತಲೆದೋರಿತು. ಗ್ರಾಮಸೇವಿಕೆ, ದಾದಿ, ಶಿಕ್ಷಕಿ ಈ ಹುದ್ದೆಗಳಿಗೆ ಬೇಕಾದಷ್ಟು ಓದಿದ ಹೆಂಗಸರು ಹಳ್ಳಿಯಲ್ಲಿ ಇರಲಿಲ್ಲ; ಪಟ್ಟಣದಲ್ಲಿ ಓದಿದವರು ಹಳ್ಳಿಗೆ ಬರಲೊಲ್ಲರು. ದುರ್ಗಾಬಾಯಿಯವರಿಗೆ ತಮ್ಮ ಯೌವನದ ದಿನಗಳು ನೆನಪಿಗೆ ಬಂದಿರಬೇಕು. ೧೯೫೮ರಲ್ಲಿ ಮಂಡಳಿ ವಯಸ್ಕ ಸ್ತ್ರೀಯರಿಗಾಗಿ ಸಂಕ್ಷಿಪ್ತ ಶಿಕ್ಷಣಕ್ರಮವನ್ನು ಜಾರಿಗೆ ತಂದಿತು. ಅಲ್ಪಸ್ವಲ್ಪ ಓದಿ ಶಾಲೆ ಬಿಟ್ಟ ಹೆಂಗಸರನ್ನು ಸುಮಾರು ಎರಡು ವರ್ಷಗಳಲ್ಲಿ ಮಾಧ್ಯಮಿಕ ಅಥವಾ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಸಿದ್ಧಗೊಳಿಸಿ ವೃತ್ತಿಗೆ ಅಣಿಗೊಳಿಸುವುದು ಅದರ ಗುರಿ. ಮೈಲಾಪುರದಲ್ಲಿ ಎರಡು ದಶಕಗಳ ಹಿಂದೆ ಕೆಲವೇ ಮಂದಿಗೆ ಮಾಡಿದ ಪ್ರಯೋಗ ಈಗ ರಾಷ್ಟ್ರವ್ಯಾಪಿಯಾಯಿತು.

ಅದೇ ೧೯೫೮ರಲ್ಲಿ ಭಾರತ ಸರ್ಕಾರ ನೇಮಿಸಿದ ಸ್ತ್ರೀಶಿಕ್ಷಣದ ರಾಷ್ಟ್ರೀಯ ಸಮಿತಿಗೆ ದುರ್ಗಾಬಾಯಿಯವರು ಅಧ್ಯಕ್ಷೆಯಾದರು. ೧೯೫೯ರಲ್ಲಿ ಒಪ್ಪಿಸಿದ ವರದಿಯಲ್ಲಿ, ಸ್ತ್ರೀಶಿಕ್ಷಣವನ್ನು ಬಹಳ ಕಾಲದವರೆಗೆ ಒಂದು ವಿಶೇಷ ಸಮಸ್ಯೆಯೆಂದೇ ಭಾವಿಸಿ ಅದಕ್ಕೆ ಪ್ರತ್ಯೇಕ ಗಮನವನ್ನೂ ಹಣವನ್ನೂ ಒದಗಿಸಬೇಕೆಂದು ಸಮಿತಿ ಸೂಚಿಸಿತು. ಹಳ್ಳಿಗೆ ಹೋಗುವ ಅಧ್ಯಾಪಕಿಯರಿಗೆ ವಾಸಗೃಹಗಳು, ಶಿಕ್ಷಕಿಯರಿಲ್ಲದ ಶಾಲೆಗಳಲ್ಲಿ ಹೆಣ್ಣುಮಕ್ಕಳ ಯೋಗಕ್ಷೇಮವನ್ನು ನೋಡಿಕೊಳ್ಳುವ ಶಾಲಾಮಾತೆಯರು, ತಮ್ಮ ತಂಗಿಯರನ್ನೂ ತಮ್ಮಂದಿರನ್ನೂ ನೋಡಿಕೊಳ್ಳಬೇಕಾದ ಹುಡುಗಿಯರಿಗಾಗಿ ಶಿಶುವಿಹಾರಗಳು ಇವೆಲ್ಲ ಅಲ್ಲಿನ ಸಲಹೆಗಳು. ದೊಡ್ಡ ತತ್ತ್ವಗಳೊಡನೆ ಇಂತಹ ಸಣ್ಣಪುಟ್ಟ ಅನುಕೂಲಗಳನ್ನೂ ಸೇರಿಸಿದ್ದು ಅನುಭವಸ್ಥರ ಲಕ್ಷಣ. ವರದಿಯ ಶಿಫಾರಸಿನಂತೆ ೧೯೫೯ರಲ್ಲಿಯೇ ಬಾಲಿಕೆಯರ ಮತ್ತು ಮಹಿಳೆಯರ ಶಿಕ್ಷಣದ ರಾಷ್ಟ್ರೀಯ ಪರಿಷತ್ತು ಸ್ಥಾಪನೆಯಾಯಿತು.

ಸಾಧನೆಯೊಡನೆ ಮಿತಿ

ಮಹನೀಯರ ಸ್ಮರಣೆಯೆಂದರೆ ಬರಿಯ ಸ್ತುತಿಯಾಗಬಾರದು. ಕಲ್ಯಾಣ ವಿಸ್ತರಣಾ ಯೋಜನೆಗಳಿಗೆ ತಮ್ಮದೇ ಆದ ಮಿತಿಗಳಿದ್ದವು. ಹೊಲಿಗೆ, ಕಸೂತಿ, ಶಿಶುಪಾಲನೆ, ಅಡುಗೆ ಇವುಗಳ ಸುತ್ತಲೇ ಕೇಂದ್ರದ ಚಟುವಟಿಕೆಗಳು ಬೆಳೆದವು. ಬೇಸಾಯದ ತಿಳಿವಳಿಕೆ, ಸಹಕಾರಿ ಸಂಘದ ಸದಸ್ಯತ್ವ, ಬೆಳೆಸಾಲ, ನೀರಾವರಿ ಇವು ಚಾವಡಿಯಲ್ಲಿಯೇ ಉಳಿದವು. ಭೂಮಿಯ ಪಹಣಿಯಲ್ಲಿ ಹೆಂಗಸಿನ ಹೆಸರಿಲ್ಲದಿದ್ದರೆ ಸಾಲ ಕೊಡುವ ಸಂಘದ ಬಾಗಿಲು ಅವಳಿಗೆ ತೆರೆಯದು. ಹೀಗಾಗಿ ಹೆಣ್ಣಿನ ಕೆಲಸ, ಗಂಡಿನ ಕೆಲಸ ಎಂದು ಹಿಂದಿನಿಂದ ಬಂದ ಗೆರೆಯನ್ನು ಆ ಯೋಜನೆ ಸ್ವಲ್ಪ ಸರಿಸಿತೇ ಹೊರತು ಅಳಿಸಲಿಲ್ಲ. ಆದರೂ ಹೊಸ್ತಿಲು ದಾಟಲು ಮನೆಯವರು ಒಪ್ಪುವ ಮೊದಲ ನೆಪ ಹೊಲಿಗೆಯ ತರಗತಿಯೇ ಆಗಿತ್ತೆಂಬುದನ್ನೂ ಮರೆಯುವಂತಿಲ್ಲ. ಹೊಲಿಯಲು ಬಂದವಳು ಸಹಿ ಮಾಡಲು ಕಲಿತಳು. ಸಹಿ ಕಲಿತವಳು ಸಮಿತಿಯ ಸಭೆಯಲ್ಲಿ ಕುಳಿತಳು.

ಎರಡನೆಯ ಮಿತಿ ಆಡಳಿತಕ್ಕೆ ಸಂಬಂಧಿಸಿದ್ದು. ೧೯೫೭ರಿಂದ ಈ ಕಾರ್ಯಕ್ರಮವನ್ನು ಸಮುದಾಯ ವಿಕಾಸದ ಬ್ಲಾಕುಗಳೊಡನೆ ಹೊಂದಿಸಲಾಯಿತು. ಮುಂದೆ ಅನೇಕ ಕೇಂದ್ರಗಳು ಸ್ಥಳೀಯ ಮಹಿಳಾ ಮಂಡಳಿಗಳ ವಶಕ್ಕೆ ಬಂದವು. ಹೊಣೆ ಸ್ಥಳೀಯರಿಗೆ ಬಂದದ್ದು ಸರಿಯೇ. ಆದರೆ ಹೊಣೆಯೊಡನೆ ತಕ್ಕ ಹಣ ಬಾರದಿದ್ದೆಡೆ ಮಂಡಳಿಗಳು ಸೊರಗಿದವು. ೧೯೫೭ರ ಬಲವಂತರಾಯ ಮೆಹತಾ ಸಮಿತಿ ಪಂಚಾಯಿತಿ ಸಂಸ್ಥೆಗಳಿಗೆ ಇಬ್ಬರು ಮಹಿಳೆಯರನ್ನು ಸೇರಿಸಿಕೊಳ್ಳಬೇಕೆಂದು ಸೂಚಿಸಿತ್ತು. ಹೀಗೆ ಸೇರಿದವರ ಸ್ಥಾನ ಬಹುಕಡೆ ಹೆಸರಿಗಷ್ಟೇ ಆಯಿತು. ೧೯೭೧ರಲ್ಲಿ ನೇಮಕವಾದ ಭಾರತೀಯ ಮಹಿಳೆಯ ಸ್ಥಾನಮಾನ ಕುರಿತ ಸಮಿತಿ ೧೯೭೪ರ ತನ್ನ ವರದಿಯಲ್ಲಿ ಈ ಸ್ಥಿತಿಯನ್ನು ವಿಮರ್ಶಿಸಿ, ಗ್ರಾಮಮಟ್ಟದಲ್ಲಿ ಶಾಸನಬದ್ಧವಾದ ಮಹಿಳಾ ಪಂಚಾಯಿತಿಗಳಿರಬೇಕೆಂದು ಸಲಹೆ ಮಾಡಿತು.

ಈ ಚಿಂತನೆಯ ಹರಿವು ನಮ್ಮ ನಾಡಿಗೂ ಬಂತು. ಕರ್ನಾಟಕದ ೧೯೮೩ರ ಶಾಸನ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಲ್ಲಿ ನೂರಕ್ಕೆ ೨೫ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. ೧೯೮೭ರ ಚುನಾವಣೆಯಲ್ಲಿ ಸಾವಿರಾರು ಗ್ರಾಮೀಣ ಸ್ತ್ರೀಯರು ಆರಿಸಿಬಂದರು. ರಾಷ್ಟ್ರಕ್ಕೆ ಅನ್ವಯವಾಗುವಂತೆ ಮೂರನೆಯ ಒಂದು ಪಾಲನ್ನು ಮೀಸಲಿಟ್ಟ ಸಂವಿಧಾನದ ೭೩ನೆಯ ತಿದ್ದುಪಡಿ ೧೯೯೩ರ ಏಪ್ರಿಲ್ ೨೪ರಿಂದ ಜಾರಿಗೆ ಬಂದುದು ಅದರ ತರುವಾಯ. ಬಳಿಕ ೨೦೧೦ರಲ್ಲಿ ಕರ್ನಾಟಕ ಈ ಪಾಲನ್ನು ಅರ್ಧಕ್ಕೆ ಏರಿಸಿತು. ಇವನ್ನು ಕಾಣಲು ದುರ್ಗಾಬಾಯಿಯವರು ಉಳಿದಿರಲಿಲ್ಲ. ಆದರೆ ಊರಿನ ಕೆಲಸದ ಸಮಿತಿಯಲ್ಲಿ ಹೆಂಗಸು ಕುಳಿತು ಲೆಕ್ಕ ಕೇಳಬಲ್ಲಳೆಂಬುದನ್ನು ಆಚರಣೆಯಲ್ಲಿ ತೋರಿಸಿದ ಮೊದಲಿಗರಲ್ಲಿ ಅವರೊಬ್ಬರು.

ಸಂಧ್ಯಾಕಾಲ

ಮಂಡಳಿಯ ಹೊಣೆಯನ್ನು ಇಳಿಸಿದ ಮೇಲೆಯೂ ದುರ್ಗಾಬಾಯಿಯವರು ವಿಶ್ರಾಂತಿ ಬಯಸಲಿಲ್ಲ. ದಂಪತಿಗಳು ದೆಹಲಿಯಲ್ಲಿ ಸಾಮಾಜಿಕ ಅಭಿವೃದ್ಧಿ ಪರಿಷತ್ತನ್ನು ಸ್ಥಾಪಿಸಿ ಸಮಾಜಸೇವೆಗೆ ಶಾಸ್ತ್ರೀಯ ಅಧ್ಯಯನದ ಬಲವನ್ನು ಒದಗಿಸಿದರು. ೧೯೫೩ರಲ್ಲಿ ಚೀನಾದೇಶಕ್ಕೆ ಹೋಗಿ ಬಂದಾಗಿನಿಂದ ಕುಟುಂಬದ ವ್ಯಾಜ್ಯಗಳಿಗೆ ಪ್ರತ್ಯೇಕ ನ್ಯಾಯಾಲಯಗಳು ಬೇಕೆಂದು ಅವರು ವಾದಿಸುತ್ತಿದ್ದರು. ಕೌಟುಂಬಿಕ ನ್ಯಾಯಾಲಯಗಳ ಕಾಯಿದೆ ೧೯೮೪ರಲ್ಲಿ ಅಂಗೀಕಾರವಾಯಿತು. ಕೊನೆಯ ವರ್ಷಗಳಲ್ಲಿ ಹೈದರಾಬಾದಿನಲ್ಲಿ ಆಂಧ್ರ ಮಹಿಳಾ ಸಭೆಯ ಆಸ್ಪತ್ರೆ, ಕಾಲೇಜು ಮತ್ತು ಸಾಕ್ಷರತಾ ಕಾರ್ಯಗಳಲ್ಲಿ ತಮ್ಮನ್ನು ತೊಡಗಿಸಿಕೊಂಡರು. ೧೯೭೫ರಲ್ಲಿ ಪತಿಪತ್ನಿಯರಿಬ್ಬರಿಗೂ ಪದ್ಮವಿಭೂಷಣ ಪ್ರಶಸ್ತಿ ದೊರೆಯಿತು. ೧೯೮೧ರ ಮೇ ೯ರಂದು ದುರ್ಗಾಬಾಯಿಯವರು ಇಹಲೋಕವನ್ನು ತ್ಯಜಿಸಿದರು. ಮರುವರ್ಷ ದೇಶಮುಖರೂ ಕಾಲವಶರಾದರು.

ನಮಗಿರುವ ಪಾಠ

ಈ ಜೀವನವನ್ನು ಆದ್ಯಂತವಾಗಿ ಅವಲೋಕಿಸಿದರೆ ಒಂದು ಸೂತ್ರ ಸ್ಪಷ್ಟವಾಗುತ್ತದೆ. ಶಾಲೆಯಿಲ್ಲದೆ ತಾವು ಕಷ್ಟಪಟ್ಟಾಗ ಪಾಠಶಾಲೆಯನ್ನು ತೆರೆದರು. ವಸತಿಯಿಲ್ಲದೆ ಕಷ್ಟಪಟ್ಟಾಗ ವಸತಿಯನ್ನು ಕೂಡಿಸಿದರು. ಹಳ್ಳಿಯಲ್ಲಿ ಸಂಸ್ಥೆಯಿಲ್ಲವೆಂದಾಗ ಆ ಹಳ್ಳಿಯ ಹೆಂಗಸರನ್ನೇ ಸಂಸ್ಥೆಯಾಗಿ ಮಾಡಿದರು. ಸೇವೆ ಪಡೆಯುವವರ ಕೈಗೇ ಸೇವೆಯ ಹೊಣೆಯನ್ನು ಒಪ್ಪಿಸುವ ಈ ಧೈರ್ಯ ದಾನದಿಂದ ಬರುವುದಿಲ್ಲ. ಎದುರಿನವರಲ್ಲಿ ಇಡುವ ವಿಶ್ವಾಸದಿಂದ ಬರುತ್ತದೆ. ಶರಣರು ದಾನವೆಂದು ಹೇಳದೆ ದಾಸೋಹವೆಂದು ಹೇಳಿದುದರ ಮರ್ಮವೂ ಇದೇ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಆ ಅಂತರವಿಲ್ಲ.

ನಮ್ಮ ನಾಡಿನ ಮಠಗಳು ಅನ್ನದಾಸೋಹ ಮತ್ತು ಜ್ಞಾನದಾಸೋಹಗಳಿಂದ ಗ್ರಾಮೀಣ ಮಕ್ಕಳಿಗೆ ಮಾಡಿದ ಉಪಕಾರ ವರ್ಣನಾತೀತ. ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು, ಓದಿ, ಬಾಳನ್ನು ಕಟ್ಟಿಕೊಂಡವರ ಸಂಖ್ಯೆ ದೊಡ್ಡದು. ಆದರೆ ಆ ಪಂಕ್ತಿಯಲ್ಲಿ ಬಹುಕಾಲ ಗಂಡುಮಕ್ಕಳೇ ಹೆಚ್ಚಾಗಿದ್ದರೆಂಬುದನ್ನು ವಿನಯಪೂರ್ವಕವಾಗಿ ಒಪ್ಪಿಕೊಳ್ಳಬೇಕು. ಆ ಋಣವನ್ನು ತೀರಿಸುವ ಮಾರ್ಗಗಳು ದುರ್ಗಾಬಾಯಿಯವರ ಬಾಳಿನಲ್ಲಿಯೇ ಇವೆ. ದಾನಿಗಳು ಕೊಠಡಿಯೊಂದನ್ನು ಕಟ್ಟಿಸುವ ಮುನ್ನ ದೂರದ ಹಳ್ಳಿಯ ವಿದ್ಯಾರ್ಥಿನಿಗೆ ತಂಗಲು ಸ್ಥಳವಿದೆಯೇ ಎಂದು ವಿಚಾರಿಸಲಿ. ಅಧ್ಯಾಪಕರು ಅರ್ಧದಲ್ಲಿ ಶಾಲೆ ಬಿಟ್ಟ ಹೆಣ್ಣುಮಕ್ಕಳ ಹೆಸರನ್ನು ದಾಖಲೆಯಿಂದ ತೆಗೆಯುವ ಮೊದಲು, ಮನೆಯಲ್ಲಿ ಅವರನ್ನು ಹಿಡಿದಿಟ್ಟ ಕೆಲಸ ಯಾವುದೆಂದು ತಿಳಿಯಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಶಾಲೆ, ಕೆರೆ, ಸಹಕಾರಿ ಸಂಘಗಳ ಕೆಲಸಕ್ಕೆ ಸಮಿತಿ ರಚಿಸುವಾಗ ಆ ಊರಿನ ತಾಯಂದಿರಿಗೆ ಅಲ್ಲಿ ಸ್ಥಾನ ಕೊಡಲಿ. ಸಹಿಯ ಪುಸ್ತಕವನ್ನು ಮನೆಗೆ ಕಳುಹಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಬದಲು ಸಭೆಯಲ್ಲಿ ಅವರ ಮಾತನ್ನು ಕೇಳಲಿ.

ಎಂಟರಲ್ಲಿ ಮದುವೆಯಾಗಿ, ಬಾಲ್ಯದಲ್ಲಿಯೇ ಶಾಲೆ ಬಿಟ್ಟ ಹುಡುಗಿಯೊಬ್ಬಳು ರಾಷ್ಟ್ರದ ಸಂವಿಧಾನ ಸಭೆಯಲ್ಲಿ ಸಭಾಪತಿಯ ಪೀಠದವರೆಗೆ ನಡೆದಳು. ಅಂತಹ ಶಕ್ತಿ ನಮ್ಮ ಯಾವ ಹಳ್ಳಿಯ ಯಾವ ಮನೆಯಲ್ಲಿ ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದೆಯೋ ಬಲ್ಲವರಾರು? ಆಕೆಯನ್ನು ಒಳಗೆ ಕರೆದು ಕೂರಿಸುವುದೇ ಪ್ರಾತಃಸ್ಮರಣೀಯರಾದ ದುರ್ಗಾಬಾಯಿ ದೇಶಮುಖರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.